ಆರು ಜನಕ್ಕೆ ಶೆಫರ್ಡ್ಸ್ ಪೈ: ಖೀಮಾದ ನೀರು, ಬಟಾಟೆಯ ನೀರು

ಮನೆಯಲ್ಲಿ ಆರು ಜನಕ್ಕೆ ಸಾಕಾಗುವಷ್ಟು ಶೆಫರ್ಡ್ಸ್ ಪೈ ಕೊನೆಗೂ ಸರಿಯಾಗಿ ಬಂದಿದೆ. ಚಾಕು ಹಾಕಿದರೆ ಚೌಕಾಕಾರದ ತುಂಡು ಇಡಿಯಾಗಿ ಎದ್ದು ಬರುತ್ತದೆ. ತಟ್ಟೆಯಲ್ಲಿ ನೀರು ಬಿಡುವುದಿಲ್ಲ. ಮೇಲಿನ ಬಟಾಟೆ ಕೆಂಪಗೆ ಗರಿಯಾಗಿದೆ. ಅಳತೆ, ಖರ್ಚು, ಎಲ್ಲೆಲ್ಲಿ ಕೆಟ್ಟಿತು ಅನ್ನುವುದನ್ನು ಇಲ್ಲಿ ಬರೆದಿಡುತ್ತಿದ್ದೇನೆ. ಬೆಳಗಾವಿಯ ಮನೆ ಅಡುಗೆಮನೆಯಲ್ಲಿ, ಇಲ್ಲಿ ಸಿಗುವ ಸಾಮಾನಿನಲ್ಲಿ ಮಾಡುವವರಿಗೆ ಇದು ಉಪಯೋಗಕ್ಕೆ ಬರುತ್ತದೆ.

ಇದು ಇಂಗ್ಲೆಂಡಿನ ಮನೆ ಅಡುಗೆ. ಕೆಳಗೆ ಕುರಿ ಖೀಮಾ, ಮೇಲೆ ಬೆಣ್ಣೆ ಹಾಕಿ ಕಲಸಿದ ಬಟಾಟೆ, ಆಮೇಲೆ ಓವನ್. ಪೈ ಅಂತ ಕರೆದರೂ ಹಿಟ್ಟಿನ ಹೊದಿಕೆ ಇರುವುದಿಲ್ಲ. ಭಾನುವಾರ ಸುಟ್ಟ ಮಾಂಸ ಉಳಿದರೆ ಅದನ್ನು ಮರುದಿನ ಕೊಚ್ಚಿ ಹೀಗೆ ಮಾಡುತ್ತಿದ್ದರು. ದನದ ಮಾಂಸ ಹಾಕಿದರೆ ಅದನ್ನೇ ಕಾಟೇಜ್ ಪೈ ಅನ್ನುತ್ತಾರೆ. ನಮ್ಮ ಮನೆಯಲ್ಲಿ ಭಾನುವಾರದ ಮಾಂಸ ಸೋಮವಾರಕ್ಕೆ ಉಳಿಯುವ ಮಾತೇ ಇಲ್ಲ. ಹಾಗಾಗಿ ಹಸಿ ಮಾಂಸದಿಂದಲೇ ಶುರು.

ಮಾಡಲು ಕಾರಣ ಮಾವನವರ ಹಲ್ಲು. ದವಡೆಯ ಹಲ್ಲು ತೆಗೆಸಿದ ಮೇಲೆ ಅವರಿಗೆ ಮಟನ್ ಅಗಿಯಲು ಆಗುತ್ತಿರಲಿಲ್ಲ. ಭಾನುವಾರ ಎಲ್ಲರೂ ರೊಟ್ಟಿ-ಮಟನ್ ತಿನ್ನುವಾಗ ಅವರು ಸುಮ್ನೆ ರಸ-ಅನ್ನ ಕಲಸಿಕೊಂಡು ಏಳುತ್ತಿದ್ದರು. ಮೆತ್ತಗಿರಬೇಕು, ಮಾಂಸದ ರುಚಿಯೂ ಪೂರ್ತಿ ಇರಬೇಕು. ಅಂಥದ್ದು ಹುಡುಕಿದಾಗ ಇದು ಸಿಕ್ಕಿತು.

ಇಡೀ ಕೆಲಸ ನಿಂತಿರುವುದು ನೀರಿನ ಮೇಲೆ. ನಾನು ಉದ್ಯಮಬಾಗದ ಫೌಂಡ್ರಿಯೊಂದರಲ್ಲಿ ಅಚ್ಚಿನ ಮರಳು ಪರೀಕ್ಷೆ ಮಾಡುತ್ತೇನೆ. ಅಲ್ಲಿ ಮರಳಿನ ತೇವ ನೂರಕ್ಕೆ ಮೂರು-ನಾಲ್ಕರ ಆಸುಪಾಸು ಇರಬೇಕು. ಜಾಸ್ತಿಯಾದರೆ ಕಾದ ಲೋಹ ಬಿದ್ದ ಕೂಡಲೇ ಆವಿ ಎದ್ದು ಎರಕದಲ್ಲಿ ಗುಳ್ಳೆ ಬೀಳುತ್ತದೆ. ಈ ಪೈ ಕೂಡ ಹಾಗೆಯೇ. ಖೀಮಾದಲ್ಲಿ ನೀರು ಉಳಿದರೆ ಅದು ಓವನ್‌ನಲ್ಲಿ ಕುದಿದು ಬಟಾಟೆಯನ್ನು ಒಡೆದುಕೊಂಡು ಮೇಲೆ ಬರುತ್ತದೆ. ಬಟಾಟೆಯಲ್ಲಿ ಉಳಿದರೆ ಮೇಲೆ ಬಣ್ಣವೇ ಬರುವುದಿಲ್ಲ.

ಸಲಕರಣೆ

28 ಲೀಟರ್ ಓಟಿಜಿ, ಅಂದರೆ ಕರೆಂಟಿನ ಪುಟ್ಟ ಓವನ್. ಗಾಜಿನ ಬೇಕಿಂಗ್ ಪಾತ್ರೆ: ಒಳ ಅಳತೆ 26 ಸೆಂ.ಮೀ. ಉದ್ದ, 18 ಅಗಲ, 6 ಆಳ. ಅಗಲ ಬಾಯಿಯ ಕಬ್ಬಿಣದ ಬಾಣಲೆ, 5 ಲೀಟರ್ ಕುಕ್ಕರ್, ಮಿಕ್ಸಿಯ ಚಟ್ನಿ ಜಾರು, ಅಡುಗೆ ತಕ್ಕಡಿ. ಹೋಳಿಗೆ ಹೂರಣಕ್ಕೆ ಇಟ್ಟುಕೊಂಡಿರುವ ಪುರಣ ಯಂತ್ರ. ಇದರ ಬಗ್ಗೆ ಮುಂದೆ ಹೇಳುತ್ತೇನೆ.

350 ರೂಪಾಯಿ ಕೊಟ್ಟು ಚುಚ್ಚಿ ನೋಡುವ ಥರ್ಮಾಮೀಟರ್ ತಗೊಂಡೆ. ಕುದಿಯುವ ನೀರಿಗೆ ಹಾಕಿ ನೋಡಿದರೆ 97.5 ಡಿಗ್ರಿ ತೋರಿಸಿತು. ಮಗ ಇದು ಡಬ್ಬಾ ಮಾಲು, ವಾಪಸ್ ಕೊಡೋಣ ಅಂದ. ಥರ್ಮಾಮೀಟರ್ ಸರಿಯಾಗಿಯೇ ಇದೆ. ಬೆಳಗಾವಿ ಸಮುದ್ರ ಮಟ್ಟದಿಂದ ಸುಮಾರು 750 ಮೀಟರ್ ಎತ್ತರದಲ್ಲಿದೆ. ಇಲ್ಲಿ ನೀರು 100ಕ್ಕೆ ಮುಂಚೆಯೇ ಕುದಿಯುತ್ತದೆ. ತೆರೆದ ಪಾತ್ರೆಯಲ್ಲಿ ಮಾಂಸ, ಬಟಾಟೆ ಬೇಯಲು ಸ್ವಲ್ಪ ಜಾಸ್ತಿ ಹೊತ್ತು ಹಿಡಿಯುವುದಕ್ಕೆ ಇದೂ ಒಂದು ಕಾರಣ. ಅದಕ್ಕೇ ನಾನು ಎರಡಕ್ಕೂ ಕುಕ್ಕರ್ ಹಿಡಿದೆ.

ಹಂತ 1: ಮಾಂಸ

ಅಂಗಡಿಯಲ್ಲಿ ಬರೀ ಮಟನ್ ಅಂತ ಕೇಳಿದರೆ ಆಡಿನದ್ದೂ ಬರಬಹುದು, ಕುರಿಯದ್ದೂ ಬರಬಹುದು. ಕುರಿಯದ್ದೇ ಬೇಕು ಅಂತ ಬಾಯಿಬಿಟ್ಟು ಹೇಳಬೇಕು. ಮರಿಯದ್ದಾದರೆ ಇನ್ನೂ ಒಳ್ಳೆಯದು. ಬಲಿತ ಟಗರಿನ ಕೊಬ್ಬಿಗೆ ಒಂಥರಾ ಗಡಸು ವಾಸನೆ. ನಮ್ಮ ಮಸಾಲೆಯಲ್ಲಿ ಅದು ಮುಚ್ಚಿಹೋಗುತ್ತದೆ. ಇಲ್ಲಿ ಬೆಣ್ಣೆ-ಬಟಾಟೆ ಜೊತೆ ಎದ್ದು ಕಾಣುತ್ತದೆ. ಕಸಾಯಿ ಗಲ್ಲಿಯಲ್ಲಿ ಮುಂಗಾಲಿನ ಭಾಗ, ಎಲುಬಿಲ್ಲದ್ದು, 600 ಗ್ರಾಂ ತಗೊಂಡೆ. ಬರೀ ಕೆಂಪು ಮಾಂಸ ಬೇಡ, ಸ್ವಲ್ಪ ಕೊಬ್ಬು ಇರಲಿ. ಜೊತೆಗೆ 250 ಗ್ರಾಂ ಎಲುಬು.

ಮೊದಲು ಅಂಗಡಿಯಲ್ಲೇ ಖೀಮಾ ಮಾಡಿಸಿ ತಂದಿದ್ದೆ. ಅದನ್ನು ತೊಳೆಯದೆ ಒಲೆಗೆ ಹಾಕಲು ಅತ್ತೆ ಒಪ್ಪಲಿಲ್ಲ. ಖೀಮಾ ತೊಳೆದರೆ ಸ್ಪಂಜಿನ ಹಾಗೆ ನೀರು ಕುಡಿಯುತ್ತದೆ. ಜರಡಿಯಲ್ಲಿ ಎಷ್ಟು ಹೊತ್ತು ಇಟ್ಟರೂ ಪೂರ್ತಿ ಇಳಿಯುವುದಿಲ್ಲ. ಬಾಣಲೆಗೆ ಹಾಕಿದರೆ ಹುರಿಯುವ ಬದಲು ತನ್ನ ನೀರಿನಲ್ಲೇ ಬೆಂದು ಬೂದು ಬಣ್ಣಕ್ಕೆ ತಿರುಗುತ್ತದೆ.

ಈಗ ಮಾಡುವುದು ಹೀಗೆ. ಮಾಂಸವನ್ನು ದೊಡ್ಡ ತುಂಡಾಗಿಯೇ ತರುವುದು. ತುಂಡನ್ನು ತೊಳೆಯುವುದು, ಹತ್ತಿ ಬಟ್ಟೆಯಲ್ಲಿ ಒತ್ತಿ ಒರೆಸುವುದು. ಎರಡು ಸೆಂ.ಮೀ. ಚೂರು ಮಾಡಿ ತಟ್ಟೆಯಲ್ಲಿ ಹರವಿ ಫ್ರೀಜರಿನಲ್ಲಿ 40 ನಿಮಿಷ. ಹೊರಗೆ ಗಟ್ಟಿಯಾಗಿ ಒಳಗೆ ಮೆತ್ತಗಿರುವಾಗ ಚಟ್ನಿ ಜಾರಿಗೆ 150 ಗ್ರಾಂನಂತೆ ಹಾಕಿ, ಒಂದೊಂದೇ ಸೆಕೆಂಡ್ ನಾಲ್ಕೈದು ಸಲ ತಿರುಗಿಸುವುದು. ಫ್ರೀಜರಿನಲ್ಲಿ ಇಡದೆ ಹಾಕಿದರೆ ಬ್ಲೇಡಿಗೆ ಸುತ್ತಿಕೊಂಡು ಪೇಸ್ಟ್ ಆಗುತ್ತದೆ. ಅತ್ತೆಯ ತೊಳೆಯುವ ಪದ್ಧತಿಯೂ ಉಳಿಯಿತು, ಖೀಮಾವೂ ಒಣಗಿಯೇ ಇತ್ತು.

ಹಂತ 2: ಎಲುಬಿನ ರಸ

ಎಲುಬು, ಅರ್ಧ ಉಳ್ಳಾಗಡ್ಡಿ, ಒಂದು ತಮಾಲಪತ್ರೆ, 600 ಮಿಲಿ ನೀರು. ಕುಕ್ಕರಿನಲ್ಲಿ ಒಂದು ಸೀಟಿ ಆದ ಮೇಲೆ ಸಣ್ಣ ಉರಿಯಲ್ಲಿ 30 ನಿಮಿಷ. ಸೋಸಿದರೆ ಹತ್ತಿರ ಅರ್ಧ ಲೀಟರ್ ಬರುತ್ತದೆ. ಪೈಗೆ ಬೇಕಾದದ್ದು 300 ಮಿಲಿ. ಉಳಿದದ್ದಕ್ಕೆ ಮೆಣಸಿನ ಪುಡಿ, ಉಪ್ಪು ಹಾಕಿ ಮಾವನವರಿಗೆ ಕುಡಿಯಲು ಕೊಟ್ಟೆ.

ಹಂತ 3: ಖೀಮಾ

ಸಾಮಾನು: ಸಣ್ಣಗೆ ಹೆಚ್ಚಿದ ಉಳ್ಳಾಗಡ್ಡಿ 200 ಗ್ರಾಂ, ಗಜ್ಜರಿ 150 ಗ್ರಾಂ, ಹಸಿ ವಟಾಣಿ 100 ಗ್ರಾಂ, ಬೆಳ್ಳುಳ್ಳಿ ಆರು ಎಸಳು, ರುಬ್ಬಿದ ಟೊಮೆಟೊ 50 ಗ್ರಾಂ, ಮೈದಾ 15 ಗ್ರಾಂ, ಒಣ ಥೈಮ್ ಒಂದು ಚಿಕ್ಕ ಚಮಚ, ಒಣ ರೋಸ್‌ಮೇರಿ ಅರ್ಧ ಚಮಚ, ಕರಿಮೆಣಸಿನ ಪುಡಿ ಒಂದು ಚಮಚ, ಉಪ್ಪು. ಥೈಮ್, ರೋಸ್‌ಮೇರಿ ಅನ್ನುವ ಸುವಾಸನೆಯ ಎಲೆಗಳು ಕ್ಯಾಂಪ್ ಪ್ರದೇಶದ ಅಂಗಡಿಯಲ್ಲಿ ಪುಟ್ಟ ಡಬ್ಬಿಯಲ್ಲಿ ಸಿಕ್ಕವು.

ವೂಸ್ಟರ್ ಸಾಸ್ ಹಾಕಬೇಕು ಅಂತ ಎಲ್ಲ ಕಡೆ ಹೇಳುತ್ತಾರೆ. ಆ ಬಾಟಲಿಯ ಮೇಲಿನ ಪಟ್ಟಿ ಓದಿದರೆ ಅದರಲ್ಲಿ ವಿನೆಗರ್, ಕಾಕಂಬಿ, ಹುಣಸೆಹಣ್ಣು, ಬೆಳ್ಳುಳ್ಳಿ, ಉಳ್ಳಾಗಡ್ಡಿ, ಆಂಚೊವಿ ಅನ್ನುವ ಸಣ್ಣ ಮೀನು ಇವೆ. ಮೀನು ಬಿಟ್ಟರೆ ಬಹುತೇಕ ಎಲ್ಲ ಮನೆಯಲ್ಲೇ ಇವೆ ಅಲ್ವಾ? ಗಟ್ಟಿ ಹುಣಸೆ ರಸ ಒಂದು ಚಮಚ, ಬೆಲ್ಲ ಅರ್ಧ ಚಮಚ, ವಿನೆಗರ್ ಒಂದು ಚಮಚ ಕಲಸಿ ಹಾಕಿದೆ. ಮೀನಿನ ಆಳವಾದ ರುಚಿ ಇದರಲ್ಲಿ ಬರುವುದಿಲ್ಲ. ಆದರೆ ಹುಳಿ-ಸಿಹಿ ಸರಿಯಾಗಿ ಕೂಡಿತು. ಬಾಟಲಿಗೆ ದುಡ್ಡು ಹಾಕುವ ಅಗತ್ಯ ಕಾಣಲಿಲ್ಲ.

ಬಾಣಲೆ ಚೆನ್ನಾಗಿ ಕಾದ ಮೇಲೆ ಒಂದು ಚಮಚ ಎಣ್ಣೆ, ಅರ್ಧ ಖೀಮಾ. ಹರವಿ ಬಿಡಬೇಕು, ಎರಡು ನಿಮಿಷ ಸೌಟು ಹಾಕಬಾರದು. ತಳ ಕೆಂಪಗಾದ ಮೇಲೆ ಮಗುಚುವುದು. ಅದನ್ನು ತೆಗೆದಿಟ್ಟು ಉಳಿದರ್ಧ. ಎಲ್ಲ ಒಮ್ಮೆಗೇ ಹಾಕಿದರೆ ಬಾಣಲೆ ತಣ್ಣಗಾಗಿ ಮತ್ತೆ ನೀರು ಬಿಡುತ್ತದೆ. ಆಮೇಲೆ ಅದೇ ಕೊಬ್ಬಿನಲ್ಲಿ ಉಳ್ಳಾಗಡ್ಡಿ, ಗಜ್ಜರಿ, ಬೆಳ್ಳುಳ್ಳಿ ಹತ್ತು ನಿಮಿಷ. ಮೈದಾ ಉದುರಿಸಿ ಒಂದು ನಿಮಿಷ ಹುರಿದು, ಟೊಮೆಟೊ, ರಸ, ಖೀಮಾ, ಎಲೆಗಳು, ಮೆಣಸು, ಹುಣಸೆ ಮಿಶ್ರಣ.

ಈ ಹಂತದಲ್ಲಿ ಅತ್ತೆ ಮಸಾಲೆ ಖಾರದ ಡಬ್ಬಿ ಹಿಡಿದು ನಿಂತಿದ್ದರು. "ಖಾರ ಇಲ್ಲಂದ್ರ ಇದನ್ನ ಯಾರು ತಿಂತಾರವ್ವಾ?" ನಾನು, "ಅತ್ಯಾ, ಇದೊಂದ್ ಸಲ ಬ್ಯಾಡ್ರಿ. ಬೇಕಾದ್ರ ಊಟಕ್ಕ ರಂಜಕ ಹಚ್ಚಿಕೊಳ್ರಿ" ಅಂದೆ. ರಂಜಕ ಅಂದರೆ ಕೆಂಪು ಮೆಣಸಿನಕಾಯಿಯ ಚಟ್ನಿ. ಮಸಾಲೆ ಖಾರ ಹಾಕಿದರೆ ರುಚಿ ಕೆಡುವುದಿಲ್ಲ, ಒಳ್ಳೆಯ ಖೀಮಾ ಪಲ್ಯವೇ ಆಗುತ್ತದೆ. ಆದರೆ ಥೈಮ್ ಎಲ್ಲಿ ಹೋಯಿತೋ ಗೊತ್ತಾಗುವುದಿಲ್ಲ. ಎರಡನ್ನೂ ಒಂದೇ ಪಾತ್ರೆಯಲ್ಲಿ ಇಡಲು ಆಗುವುದಿಲ್ಲ ಅನ್ನುವುದು ನನ್ನ ಅಭಿಪ್ರಾಯ. ಕರಿಮೆಣಸು ಒಂದು ಪೂರ್ತಿ ಚಮಚ ಹಾಕಿದ್ದು ಅವರ ಮಾತಿಗೆ ಬೆಲೆ ಕೊಟ್ಟೇ.

ಪುಸ್ತಕದ ಪ್ರಕಾರ ಇಲ್ಲಿ ಮುಚ್ಚಳ ಹಾಕಿ ಸಣ್ಣ ಉರಿಯಲ್ಲಿ ಅರ್ಧ ಗಂಟೆ. ನಮ್ಮ ಕುರಿ ಬಯಲಲ್ಲಿ ದಿನಪೂರ್ತಿ ಅಡ್ಡಾಡಿ ಮೇಯುವ ಕುರಿ. ಮಾಂಸದಲ್ಲಿ ಕಸುವು ಜಾಸ್ತಿ. ಅರ್ಧ ಗಂಟೆಗೆ ರವೆ ಹಾಗೆ ಹರಳು ಹರಳು ಉಳಿಯಿತು. ಮಾವನವರು ಎರಡು ತುತ್ತು ತಿಂದು ತಟ್ಟೆ ಸರಿಸಿದರು. ಈಗ ಎಲ್ಲವನ್ನೂ ಕುಕ್ಕರಿಗೆ ಸುರಿದು ನಾಲ್ಕು ಸೀಟಿ, ಆಮೇಲೆ ತಾನಾಗಿ ಇಳಿಯಲು ಬಿಡುತ್ತೇನೆ. ಮಾಂಸ ನಾಲಿಗೆಯಲ್ಲೇ ಕರಗುತ್ತದೆ.

ಕುಕ್ಕರಿನ ಕಷ್ಟ ಏನಂದರೆ ನೀರು ಹೊರಗೆ ಹೋಗುವುದಿಲ್ಲ, ತರಕಾರಿಯ ನೀರೂ ಸೇರಿಕೊಳ್ಳುತ್ತದೆ. ಮುಚ್ಚಳ ತೆಗೆದಾಗ ಸಾರಿನಂತೆ ಕಾಣುತ್ತದೆ. ಇದನ್ನು ಮತ್ತೆ ಅಗಲ ಬಾಣಲೆಗೆ ಹಾಕಿ ಮಧ್ಯಮ ಉರಿಯಲ್ಲಿ ಬತ್ತಿಸಬೇಕು. ಎಷ್ಟು ಬತ್ತಿಸಬೇಕು ಅನ್ನುವುದೇ ಪ್ರಶ್ನೆ. ಕಣ್ಣಳತೆಯಲ್ಲಿ ನಿಲ್ಲಿಸಿದ ಸಲ ಖೀಮಾ 1,250 ಗ್ರಾಂ ಇತ್ತು. ಬಾಣಲೆಯಲ್ಲಿ ಗಟ್ಟಿಯಾಗಿಯೇ ಕಂಡಿತ್ತು. ಓವನ್‌ನಲ್ಲಿ ಅಂಚಿನಿಂದ ರಸ ಉಕ್ಕಿ ಬಟಾಟೆಯ ಮೇಲೆ ಹರಿದು, ಕೆಳಗಿನ ಟ್ರೇಗೂ ಸುರಿದು ಹೊಗೆ ಎದ್ದಿತು. ಬಡಿಸಿದರೆ ತಟ್ಟೆಯಲ್ಲಿ ಬಟಾಟೆ ಬೇರೆ, ಸಾರು ಬೇರೆ.

ಅವತ್ತಿನಿಂದ ತೂಕ ಮಾಡುತ್ತೇನೆ. ಖಾಲಿ ಬಾಣಲೆಯ ತೂಕ ಮೊದಲೇ ಬರೆದಿಟ್ಟುಕೊಂಡು, ಬತ್ತುವಾಗ ಬಾಣಲೆ ಸಮೇತ ತಕ್ಕಡಿಯ ಮೇಲೆ ಇಡುವುದು. ತಕ್ಕಡಿಗೆ ಕಾವು ತಾಗದ ಹಾಗೆ ಕೆಳಗೆ ಮರದ ಮಣೆ ಇಟ್ಟು ಸೊನ್ನೆ ಮಾಡಿಕೊಳ್ಳಬೇಕು. ಖೀಮಾ 950 ಗ್ರಾಂಗೆ ಬಂದರೆ ಉರಿ ಬಂದ್. ಸೌಟಿನಿಂದ ನಡುವೆ ಗೆರೆ ಎಳೆದರೆ ತಳ ಕಾಣಬೇಕು, ರಸ ವಾಪಸ್ ಓಡಿ ಬರಬಾರದು. ನನಗೆ ಇದಕ್ಕೆ 18 ನಿಮಿಷ ಹಿಡಿಯಿತು. ವಟಾಣಿ ಕೊನೆಯ ಐದು ನಿಮಿಷದಲ್ಲಿ ಹಾಕುವುದು, ಕುಕ್ಕರಿಗೆ ಹಾಕಿದರೆ ಒಡೆದು ಹೋಗುತ್ತದೆ. ಮೇಲೆ ತೇಲುವ ಕೊಬ್ಬನ್ನು ಚಮಚದಲ್ಲಿ ತೆಗೆದು ಆರಲು ಬಿಡಬೇಕು, ಅರ್ಧ ಗಂಟೆಯಾದರೂ. ಬಿಸಿ ಖೀಮಾದ ಮೇಲೆ ಬಟಾಟೆ ಹಾಕಿದರೆ ಅದು ಒಳಗೆ ಕುಸಿಯುತ್ತದೆ.

ಹಂತ 4: ಬಟಾಟೆ

ಬೆಳಗಾವಿ ಸುತ್ತಮುತ್ತ ಬಟಾಟೆಗೆ ಬರವಿಲ್ಲ. ಮಳೆಗಾಲದ ಬೆಳೆ ಎಪಿಎಂಸಿಗೆ ಬರಲು ಶುರುವಾದರೆ ಗಣಪತ ಗಲ್ಲಿಯಲ್ಲಿ ಮಣ್ಣು ಮೆತ್ತಿದ ಹೊಸ ಬಟಾಟೆ ರಾಶಿ ಬೀಳುತ್ತದೆ. ಪಲ್ಯಕ್ಕೆ ಅದಕ್ಕಿಂತ ರುಚಿ ಇನ್ನೊಂದಿಲ್ಲ. ಈ ಕೆಲಸಕ್ಕೆ ಮಾತ್ರ ಅದು ಬೇಡ. ಸಿಪ್ಪೆ ತೆಳ್ಳಗಿದ್ದು ಉಗುರಿಗೆ ಸುಲಿದು ಬರುವಂಥದ್ದರಲ್ಲಿ ನೀರು ಜಾಸ್ತಿ. ಸಿಪ್ಪೆ ದಪ್ಪವಾದ, ಬೆಂದರೆ ಹಿಟ್ಟು ಹಿಟ್ಟಾಗಿ ಬಿರಿಯುವ ಹಳೆಯದನ್ನೇ ಆರಿಸಿಕೊಳ್ಳಬೇಕು. ಒಂದು ಕಿಲೋ, ಎಲ್ಲವೂ ಒಂದೇ ಗಾತ್ರ.

ಕತ್ತರಿಸಿ ನೀರಿನಲ್ಲಿ ಬೇಯಿಸಿದ್ದು ನೀರು ಕುಡಿದು ಕಲಸಿದಾಗ ಗಂಜಿಯ ಹಾಗಾಯಿತು. ಹೊತ್ತು ಉಳಿಸಲು ಮಿಕ್ಸಿಗೆ ಹಾಕಿದ್ದು ಅದಕ್ಕಿಂತ ಕೆಟ್ಟಿತು. ಅರ್ಧ ನಿಮಿಷದಲ್ಲಿ ಜಾರಿನಲ್ಲಿದ್ದದ್ದು ಅಂಟು. ಎಳೆದರೆ ದಾರ ಬರುತ್ತಿತ್ತು. ಬ್ಲೇಡು ಬಟಾಟೆಯೊಳಗಿನ ಪಿಷ್ಟವನ್ನೆಲ್ಲ ಒಡೆದು ಬಿಡಿಸಿಬಿಡುತ್ತದೆ. ಆಮೇಲೆ ಬೆಣ್ಣೆ, ಹಾಲು ಏನು ಹಾಕಿದರೂ ಸರಿಯಾಗುವುದಿಲ್ಲ. ಅದಕ್ಕೆ ಕಡಲೆ ಹಿಟ್ಟು, ಹಸಿಮೆಣಸಿನಕಾಯಿ ಸೇರಿಸಿ ಸಂಜೆ ತಟ್ಟಿ ಕರಿದದ್ದಾಯಿತು.

ದಾರಿ ತೋರಿಸಿದ್ದು ಅತ್ತೆ. "ಹೂರಣ ತಿರುವೋ ಯಂತ್ರ ಐತಲ್ಲ, ಅದಕ್ಕ ಹಾಕು" ಅಂದರು. ಕೈಹಿಡಿ ತಿರುಗಿಸಿದರೆ ಕೆಳಗಿನ ಜಾಳಿಗೆಯಿಂದ ಬಟಾಟೆ ಸೇವಿನಂತೆ ಇಳಿಯುತ್ತದೆ. ಗಂಟಿಲ್ಲ, ಅಂಟಿಲ್ಲ. ಇಂಗ್ಲಿಷ್ ಅಡುಗೆಯವರು ಇದೇ ಕೆಲಸಕ್ಕೆ ಬೇರೆ ಸಲಕರಣೆ ಕೊಳ್ಳುತ್ತಾರೆ. ನಮ್ಮ ಕಡೆ ಹೋಳಿಗೆ ಮಾಡುವ ಮನೆಯಲ್ಲಿ ಅದು ಅಟ್ಟದ ಮೇಲೆಯೇ ಇರುತ್ತದೆ.

ಪೂರ್ತಿ ಕ್ರಮ ಇದು. ಸಿಪ್ಪೆ ಸಮೇತ ಇಡೀ ಬಟಾಟೆಯನ್ನು ಕುಕ್ಕರಿನಲ್ಲಿ ನೀರಿಗೆ ತಾಗದಂತೆ ಜಾಲರಿಯ ಮೇಲೆ ಇಟ್ಟು ಐದು ಸೀಟಿ. ಬಿಸಿ ಇರುವಾಗಲೇ ಸಿಪ್ಪೆ ತೆಗೆದು, ನಾಲ್ಕು ಹೋಳು ಮಾಡಿ, ಒಣ ಬಾಣಲೆಯಲ್ಲಿ ಸಣ್ಣ ಉರಿಯಲ್ಲಿ ನಾಲ್ಕು ನಿಮಿಷ ಆಡಿಸುವುದು. ಆವಿ ಏಳುವುದು ಕಡಿಮೆಯಾಗಿ ಅಂಚಿಗೆ ಬಿಳಿ ಪುಡಿ ಕಾಣಬೇಕು. ಕೂಡಲೇ ಯಂತ್ರಕ್ಕೆ. ಆರಿದರೆ ಕೈ ತಿರುಗುವುದಿಲ್ಲ. ಮೊದಲು 50 ಗ್ರಾಂ ಬೆಣ್ಣೆ, ಆಮೇಲೆ ಬಿಸಿ ಹಾಲು 80 ಮಿಲಿ, ಒಂದು ಮೊಟ್ಟೆಯ ಹಳದಿ, ಉಪ್ಪು. ಮರದ ಸೌಟಿನಿಂದ ಕೂಡಿಸಿದರೆ ಸಾಕು, ಜಾಸ್ತಿ ತಿರುವಬಾರದು. ಹಳದಿ ಹಾಕಿದರೆ ಮೇಲಿನ ಪದರ ಕತ್ತರಿಸುವಾಗ ಕುಸಿಯುವುದಿಲ್ಲ, ಬಣ್ಣವೂ ಬೇಗ ಬರುತ್ತದೆ.

ಹಂತ 5: ಜೋಡಿಸುವುದು

ಆರಿದ ಖೀಮಾ ಪಾತ್ರೆಯಲ್ಲಿ ಹರವಿದರೆ 2 ಸೆಂ.ಮೀ. ಎತ್ತರ ಬಂತು. ಬಟಾಟೆ ಅದರ ಮೇಲೆ ಇನ್ನೊಂದು 2 ಸೆಂ.ಮೀ. ನಡುವೆ ಸುರಿದು ಹರವಬಾರದು. ಸುತ್ತಲಿನ ಅಂಚಿಗೆ ಮೊದಲು ಚಮಚದಲ್ಲಿ ಇಟ್ಟು ಗಾಜಿಗೆ ಒತ್ತಿ ಮುಚ್ಚಬೇಕು, ಆಮೇಲೆ ನಡುವೆ ತುಂಬುವುದು. ಅಂಚು ಭದ್ರವಾಗಿದ್ದರೆ ರಸ ಮೇಲೆ ಬರುವುದಿಲ್ಲ. ಫೋರ್ಕಿನಿಂದ ಆಳವಾದ ಗೆರೆ ಎಳೆದು, 50 ಗ್ರಾಂ ಚೀಸ್ ತುರಿದು ಹಾಕಿ, 10 ಗ್ರಾಂ ಬೆಣ್ಣೆ ಅಲ್ಲಲ್ಲಿ ಇಟ್ಟೆ. ಗೆರೆಯ ಏಣುಗಳೇ ಮೊದಲು ಕೆಂಪಾಗುವುದು. ಮಗಳು ನಡುವೆ ಕುರಿಯ ಮುಖ ಬರೆದಳು.

ಹಂತ 6: ಓವನ್, ಮತ್ತೆ ಹಂಚು

ಓಟಿಜಿ 200 ಡಿಗ್ರಿಗೆ 12 ನಿಮಿಷ ಮೊದಲೇ ಕಾಯಿಸಬೇಕು. ನಡು ಅಂತಸ್ತು, ಎರಡೂ ರಾಡ್, 25 ನಿಮಿಷ. ಆಮೇಲೆ ಮೇಲಿನ ಅಂತಸ್ತಿಗೆ ಏರಿಸಿ ಮೇಲಿನ ರಾಡ್ ಮಾತ್ರ, ಎಂಟು ನಿಮಿಷ. ಈ ಎಂಟು ನಿಮಿಷ ಎದುರಿಗೇ ನಿಲ್ಲಬೇಕು. ನಡುವೆ ಚುಚ್ಚಿ ನೋಡಿದರೆ 75 ಡಿಗ್ರಿ ದಾಟಿರಬೇಕು.

ಒಂದು ಭಾನುವಾರ ನಡುವೆಯೇ ಕರೆಂಟ್ ಹೋಯಿತು. ಜೋರು ಮಳೆ, ಬರುವ ಲಕ್ಷಣ ಇರಲಿಲ್ಲ. ಒಳಗೆ ಎಲ್ಲ ಬೆಂದಿದೆ, ಬಿಸಿಯೂ ಇದೆ, ಬೇಕಾಗಿರುವುದು ಮೇಲಿನ ಬಣ್ಣ ಮಾತ್ರ. ಗ್ರಿಲ್ ಇಲ್ಲದ ಕಾಲದಲ್ಲಿ ಇಂಗ್ಲೆಂಡಿನ ಅಡುಗೆಮನೆಗಳಲ್ಲಿ ದಪ್ಪ ಕಬ್ಬಿಣದ ಬಿಲ್ಲೆಯನ್ನು ಕೆಂಡದಲ್ಲಿ ಕಾಯಿಸಿ ತಿಂಡಿಯ ಮೇಲೆ ಹಿಡಿದು ಕೆಂಪು ಮಾಡುತ್ತಿದ್ದರು. ಅದಕ್ಕೆ ಸ್ಯಾಲಮ್ಯಾಂಡರ್ ಅಂತ ಹೆಸರು. ನಮ್ಮ ರೊಟ್ಟಿ ಹಂಚು ಅದೇ ಕೆಲಸಕ್ಕೆ ಬಂತು. ಕಬ್ಬಿಣದ ಹಂಚನ್ನು ದೊಡ್ಡ ಉರಿಯಲ್ಲಿ ಹತ್ತು ನಿಮಿಷ ಕಾಯಿಸಿ, ನಮ್ಮನೆಯವರು ದಪ್ಪ ಬಟ್ಟೆ ಸುತ್ತಿಕೊಂಡು ಇಕ್ಕಳದಲ್ಲಿ ಹಿಡಿದು, ಬಟಾಟೆಗೆ 2 ಸೆಂ.ಮೀ. ಮೇಲೆ ನಿಲ್ಲಿಸಿದರು. ಚೀಸ್ ಗುಳ್ಳೆ ಬಂದು ಅಲ್ಲಲ್ಲಿ ಕೆಂಪಾಯಿತು. ಹಂಚು ಎರಡು ನಿಮಿಷದಲ್ಲಿ ಆರುತ್ತದೆ, ಮತ್ತೆ ಕಾಯಿಸಬೇಕು. ಓವನ್‌ನಷ್ಟು ಸಮವಾಗಿ ಬರುವುದಿಲ್ಲ, ಕೈಯೂ ಸೋಲುತ್ತದೆ. ಆದರೂ ಓಟಿಜಿ ಇಲ್ಲದ ಮನೆಯಲ್ಲಿ ಇದು ಮಾಡಬಹುದಾದ ಕೆಲಸ. ಗಾಜಿನ ಪಾತ್ರೆಗೆ ಹಂಚು ತಗುಲಬಾರದು, ಒಡೆದೀತು. ಹಾಗೆಯೇ ಓವನ್‌ನಿಂದ ತೆಗೆದ ಗಾಜನ್ನು ನೇರ ಕಡಪಾ ಕಟ್ಟೆಯ ಮೇಲೆ ಇಡಬೇಡಿ. ಮರದ ಮಣೆ ಇರಲಿ.

ತೆಗೆದ ಮೇಲೆ 15 ನಿಮಿಷ ಮುಟ್ಟದೆ ಬಿಡಬೇಕು. ಮಕ್ಕಳಿರುವ ಮನೆಯಲ್ಲಿ ಇದು ಕಷ್ಟ. ಆದರೆ ಆ ಹೊತ್ತಿನಲ್ಲೇ ಖೀಮಾ ಬಿಗಿದುಕೊಳ್ಳುವುದು.

ಖರ್ಚು

ಮಾಂಸ 600 ಗ್ರಾಂ, ಎಲುಬಿಲ್ಲದ್ದು ಕಿಲೋಗೆ 900ರಂತೆ 540 ರೂಪಾಯಿ. ಎಲುಬು 60. ಬಟಾಟೆ 35. ಉಳ್ಳಾಗಡ್ಡಿ, ಗಜ್ಜರಿ, ವಟಾಣಿ, ಟೊಮೆಟೊ ಸೇರಿ 50. ಬೆಣ್ಣೆ 36, ಚೀಸ್ 35, ಹಾಲು-ಮೊಟ್ಟೆ 13. ಒಣ ಎಲೆಗಳ ಪಾಲು 10. ಓಟಿಜಿಯ ಕರೆಂಟ್ ಒಂದು ಯೂನಿಟ್ ಆಸುಪಾಸು, 7 ಅಂತ ಹಿಡಿದೆ. ಒಟ್ಟು 786. ಗ್ಯಾಸ್ ಇದರಲ್ಲಿ ಸೇರಿಲ್ಲ. ಮಟನ್ ಸಾರಿಗೆ ನಾವು ಒಂದು ಕಿಲೋ ತರುತ್ತೇವೆ. ಹಾಗೆ ನೋಡಿದರೆ ಇದು ಜಾಸ್ತಿಯೇನಲ್ಲ. ಹೊತ್ತು ಮಾತ್ರ ಬೇಕು, ಶುರುವಿನಿಂದ ತಟ್ಟೆಗೆ ಬರುವವರೆಗೆ ಮೂರು ಗಂಟೆ.

ಮಾವನವರು ಎರಡು ತುಂಡು ತಿಂದು ಮೂರನೆಯದಕ್ಕೆ ತಟ್ಟೆ ಒಡ್ಡಿದರು. ಅತ್ತೆ ರಂಜಕ ಹಚ್ಚಿಕೊಂಡು ತಿಂದರು, ರೊಟ್ಟಿ ಜೊತೆ. ಅದೂ ಹೊಂದುತ್ತದೆ.

ಉಳಿದರೆ ಎರಡು ಗಂಟೆಯೊಳಗೆ ಫ್ರಿಜ್ಜಿಗೆ. ಮರುದಿನ ತಣ್ಣಗಿರುವಾಗಲೇ ತುಂಡು ಮಾಡಿ ಓಟಿಜಿಯಲ್ಲಿ 180 ಡಿಗ್ರಿ, 20 ನಿಮಿಷ. ಮೈಕ್ರೋವೇವ್‌ನಲ್ಲಿ ಬಟಾಟೆ ಬೆವೆತು ಮೆತ್ತಗಾಗುತ್ತದೆ.

ಅತ್ತೆ ಸೋಮವಾರ, ಶ್ರಾವಣದಲ್ಲಿ ಮಾಂಸ ಮುಟ್ಟುವುದಿಲ್ಲ. ಅವರಿಗಾಗಿ ಮೊಳಕೆ ಬಂದ ಮಡಿಕೆ ಕಾಳು 300 ಗ್ರಾಂ ಬೇಯಿಸಿ, ನೀರು ಬಸಿದು, ಇದೇ ಉಳ್ಳಾಗಡ್ಡಿ-ಗಜ್ಜರಿಯಲ್ಲಿ ಹುರಿದು ಮಾಡಿದ್ದೇನೆ. ಮೇಲಿನ ಬಟಾಟೆಗೆ ಮೊಟ್ಟೆ ಬಿಟ್ಟು ಒಂದು ಚಮಚ ಕಾರ್ನ್‌ಫ್ಲೋರ್. ಕುಕ್ಕರಿಗೆ ಎರಡೇ ಸೀಟಿ, ಮೂರಾದರೆ ಕಾಳು ಕರಗುತ್ತದೆ. ಇದರಲ್ಲಿ ನೀರಿನ ತಾಪತ್ರಯ ಕಡಿಮೆ, ಬತ್ತಿಸಲು ಆರು ನಿಮಿಷ ಸಾಕಾಯಿತು. ಓವನ್ ಹೊತ್ತು ಅಷ್ಟೇ.